ಸುದ್ದಿಯೂ ಸತ್ಯವೂ: ಎಡ್ವರ್ಡ್ ಮರ್ರೋನ ಬಾಳು

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಗಾದೆ. ಕೇಳಿದ್ದನ್ನೆಲ್ಲ ನಂಬಬೇಡವೆಂದು ಹೇಳುವುದು ಸುಲಭ. ಕಣ್ಣಾರೆ ಕಂಡದ್ದನ್ನೂ ಒರೆಗೆ ಹಚ್ಚಬೇಕೆಂದು ಹೇಳುವುದಕ್ಕೆ ಹೆಚ್ಚಿನ ಅನುಭವ ಬೇಕು. ದೂರದರ್ಶನದ ಹೆಸರನ್ನೇ ಕೇಳದ ಕಾಲದಲ್ಲಿ ಹುಟ್ಟಿದ ಈ ಮಾತು ಇಂದು ಆ ಯಂತ್ರದ ಮುಂದೆ ಕುಳಿತವರಿಗಾಗಿಯೇ ಆಡಿದಂತಿದೆ. ಪತ್ರಿಕೆಯನ್ನು ಓದುವಾಗ ನಮಗೂ ಸುದ್ದಿಗೂ ನಡುವೆ ಬರೆದವನೊಬ್ಬನಿದ್ದಾನೆಂಬ ಅರಿವು ಇದ್ದೇ ಇರುತ್ತದೆ. ದೂರದರ್ಶನದಲ್ಲಿ ಆ ನಡುವಿನವನು ಮರೆಯಾಗುತ್ತಾನೆ. ಘಟನೆಯೇ ನಮ್ಮ ಮನೆಯ ಪಡಸಾಲೆಗೆ ನಡೆದು ಬಂದಂತೆ ತೋರುತ್ತದೆ. ಚಿತ್ರವನ್ನು ಎಲ್ಲಿ ಕತ್ತರಿಸಿದರು, ಯಾವುದರ ಪಕ್ಕದಲ್ಲಿ ಯಾವುದನ್ನಿಟ್ಟರು, ಯಾವುದನ್ನು ತೋರಿಸದೆ ಬಿಟ್ಟರು ಎಂದು ಕೇಳುವ ಎಚ್ಚರ ಎಲ್ಲರಿಗೂ ಇರುವುದಿಲ್ಲ.

ಸುದ್ದಿಯನ್ನು ಕೆಡಿಸುವ ದೋಷಗಳಲ್ಲಿ ತಿಳಿಯದೆ ಹಬ್ಬುವ ತಪ್ಪು ಒಂದು, ತಿಳಿದೂ ತಿಳಿದೂ ಬಿತ್ತುವ ಸುಳ್ಳು ಇನ್ನೊಂದು. ಇವೆರಡನ್ನೂ ನಾವು ಬಲ್ಲೆವು. ಮೂರನೆಯದೊಂದಿದೆ. ಅದು ನ್ಯಾಯದ ವೇಷವನ್ನು ತೊಟ್ಟು, ಕೈಯಲ್ಲಿ ತಕ್ಕಡಿಯನ್ನು ಹಿಡಿದು, ಎರಡು ಪಕ್ಷಗಳಿಗೂ ಸಮಪಾಲು ಕೊಡುತ್ತೇನೆಂದು ಬರುವ ಸುಳ್ಳು. ಅದನ್ನು ಗುರುತಿಸುವುದು ಎಲ್ಲಕ್ಕಿಂತ ಕಷ್ಟ. ಈ ಮೂರರೊಡನೆಯೂ ಸೆಣಸಿ, ಕೆಲವು ಸಲ ಗೆದ್ದು, ಕೆಲವು ಸಲ ಸೋತ ಅಮೆರಿಕದ ವಾರ್ತಾಕಾರ ಎಡ್ವರ್ಡ್ ಮರ್ರೋನ ಬಾಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವನ ಗೆಲವುಗಳು ಲೋಕಪ್ರಸಿದ್ಧ. ಅವನ ಸೋಲುಗಳಿಂದಲೂ ನಾವು ಕಲಿಯುವುದು ಕಡಿಮೆಯಲ್ಲವೆಂದು ನನ್ನ ನಂಬಿಕೆ.

ಅವನು ಹುಟ್ಟಿದ್ದು ೧೯೦೮ನೆಯ ಇಸವಿ ಏಪ್ರಿಲ್ ೨೫ರಂದು, ನಾರ್ತ್ ಕ್ಯಾರೋಲಿನಾ ಸಂಸ್ಥಾನದ ಗ್ರೀನ್ಸ್‌ಬರೋ ಬಳಿಯ ಒಂದು ಬಡ ರೈತಕುಟುಂಬದಲ್ಲಿ. ತಾಯಿತಂದೆಗಳಿಟ್ಟ ಹೆಸರು ಎಗ್ಬರ್ಟ್ ರಾಸ್ಕೋ. ಎಡ್ವರ್ಡ್ ಎಂಬುದು ಕಾಲೇಜಿನ ದಿನಗಳಲ್ಲಿ ತಾನೇ ಇಟ್ಟುಕೊಂಡದ್ದು. ಮನೆಯವರು ಕ್ವೇಕರ್ ಪಂಥದವರು. ಮಿತವಾದ ಮಾತು, ಆಡಿದ ಮಾತಿಗೆ ಹೊಣೆ ಎಂಬುದು ಆ ಪಂಥದ ನಡೆ. ಹುಡುಗ ಚಿಕ್ಕವನಾಗಿದ್ದಾಗಲೇ ಸಂಸಾರ ಖಂಡದ ಇನ್ನೊಂದು ಅಂಚಿಗೆ, ಪಶ್ಚಿಮದ ವಾಷಿಂಗ್ಟನ್ ಸಂಸ್ಥಾನಕ್ಕೆ, ವಲಸೆ ಹೋಯಿತು. ಅಲ್ಲಿ ಮರ ಕಡಿಯುವವರ ಬಿಡಾರಗಳಲ್ಲಿ ದುಡಿದು ಹಣ ಕೂಡಿಸಿಕೊಂಡು ಅವನು ಪುಲ್ಮನ್ ಊರಿನ ಸರ್ಕಾರಿ ಕಾಲೇಜಿಗೆ ಸೇರಿದನು.

ಆ ಕಾಲೇಜಿನಲ್ಲಿ ಅವನಿಗೆ ದೊರೆತ ಗುರು ಐಡಾ ಲೂ ಆಂಡರ್ಸನ್ ಎಂಬಾಕೆ. ಎಳವೆಯಲ್ಲಿ ಪೋಲಿಯೋ ರೋಗಕ್ಕೆ ತುತ್ತಾಗಿ ಆಕೆಯ ದೇಹ ಬಾಗಿಹೋಗಿತ್ತು. ಭಾಷಣಕಲೆ ಆಕೆಯ ಪಾಠದ ವಿಷಯ. ಮಾತಿನ ಬಲ ಆಡಂಬರದಲ್ಲಿಲ್ಲ, ಸರಿಯಾದ ಪದದಲ್ಲಿಯೂ ಸರಿಯಾದೆಡೆಯ ಮೌನದಲ್ಲಿಯೂ ಇದೆಯೆಂಬುದನ್ನು ಶಿಷ್ಯ ಆಕೆಯಿಂದ ಕಲಿತನು. ಮುಂದೆ ಲಂಡನ್ನಿನಿಂದ ಮಾತನಾಡುವಾಗ ಅವನು ಆರಂಭದ ಪದದ ಬಳಿಕ ಒಂದು ಕ್ಷಣ ತಡೆಯುತ್ತಿದ್ದ ರೀತಿ ಲಕ್ಷಾಂತರ ಕಿವಿಗಳಿಗೆ ಪರಿಚಿತವಾಯಿತು. ಅದೂ ಈಕೆಯ ಸಲಹೆಯೇ. ಮೇಷ್ಟರ ಕಸುಬಿನವನಾದ ನನಗೆ ಈ ಸಂಗತಿ ವಿಶೇಷವಾಗಿ ಹಿತವೆನಿಸಿದರೆ ವಾಚಕರು ಮನ್ನಿಸಬೇಕು.

೧೯೩೦ರಲ್ಲಿ ಪದವಿ ಪಡೆದ ಮರ್ರೋ ಎರಡು ವರ್ಷಗಳ ತರುವಾಯ ಅಂತರರಾಷ್ಟ್ರೀಯ ವಿದ್ಯಾಸಂಸ್ಥೆಯೊಂದರಲ್ಲಿ ಕೆಲಸಕ್ಕೆ ನಿಂತನು. ೧೯೩೩ರಲ್ಲಿ ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಮೊದಲಾಯಿತು. ವಿಶ್ವವಿದ್ಯಾನಿಲಯಗಳಿಂದ ಹೊರದೂಡಲ್ಪಟ್ಟ ಪಂಡಿತರಿಗೆ ಅಮೆರಿಕದಲ್ಲಿ ನೆಲೆ ಕಲ್ಪಿಸುವ ಸಮಿತಿಯಲ್ಲಿ ಅವನು ಸಹಾಯಕ ಕಾರ್ಯದರ್ಶಿಯಾಗಿ ದುಡಿದನು. ಒಂದು ರಾಷ್ಟ್ರ ತನ್ನ ಪ್ರಚಾರಯಂತ್ರವನ್ನು ಸುಳ್ಳಿಗೆ ಒಪ್ಪಿಸಿದಾಗ ಮೊದಲು ಮನೆ ಬಿಡಬೇಕಾಗುವವರು ಯಾರೆಂಬುದನ್ನು ಅವನು ಆ ಪಂಡಿತರ ಅರ್ಜಿಗಳಲ್ಲಿ ಓದಿ ತಿಳಿದನು.

೧೯೩೫ರಲ್ಲಿ ಅವನು ಸಿ.ಬಿ.ಎಸ್. ಎಂಬ ಬಾನುಲಿ ಸಂಸ್ಥೆಯನ್ನು ಸೇರಿ, ೧೯೩೭ರಲ್ಲಿ ಅದರ ಯೂರೋಪಿನ ನಿರ್ದೇಶಕನಾಗಿ ಲಂಡನ್ನಿಗೆ ಹೋದನು. ಸುದ್ದಿ ಹೇಳುವುದು ಅವನ ಕೆಲಸವಾಗಿರಲಿಲ್ಲ. ಗಣ್ಯರನ್ನು ಹಿಡಿದು ತಂದು ಮೈಕಿನ ಮುಂದೆ ಕೂರಿಸುವುದಷ್ಟೇ ಕೆಲಸ. ೧೯೩೮ರ ಮಾರ್ಚಿಯಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ನುಂಗಿದಾಗ ಈ ವ್ಯವಸ್ಥೆ ತಲೆಕೆಳಗಾಯಿತು. ವಿಯೆನ್ನಾದಲ್ಲಿದ್ದ ಅವನ ಸಹೋದ್ಯೋಗಿ ವಿಲಿಯಂ ಶೈರರನಿಗೆ ಅಲ್ಲಿಂದ ಮಾತನಾಡಲು ಅವಕಾಶ ಸಿಗದೆ, ಕಂಡದ್ದನ್ನು ಹೇಳುವುದಕ್ಕಾಗಿ ಅವನು ಲಂಡನ್ನಿಗೆ ಹಾರಿದನು. ಮರ್ರೋ ತಾನೇ ಒಂದು ವಿಮಾನವನ್ನು ಗೊತ್ತುಮಾಡಿಕೊಂಡು ವಿಯೆನ್ನಾಕ್ಕೆ ಹೋದನು. ಮಾರ್ಚಿ ೧೩ರ ರಾತ್ರಿ ಯೂರೋಪಿನ ಹಲವು ರಾಜಧಾನಿಗಳ ವರದಿಗಳನ್ನು ಒಂದೇ ಬಿತ್ತರದಲ್ಲಿ ಪೋಣಿಸಿ ಕೇಳಿಸಲಾಯಿತು. ಒಂದು ಊರಿನ ಅಧಿಕೃತ ಹೇಳಿಕೆಯನ್ನು ಇನ್ನೊಂದು ಊರಿನಲ್ಲಿ ಕಂಡದ್ದರೊಡನೆ ಹೋಲಿಸಿ ನೋಡುವ ಅವಕಾಶ ಕೇಳುವವನಿಗೆ ದೊರೆಯಿತು.

೧೯೪೦ರಲ್ಲಿ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಸುರಿಸತೊಡಗಿದಾಗ ಮರ್ರೋ ಮಾಳಿಗೆಯ ಮೇಲೆ ನಿಂತು ವರದಿ ಮಾಡಲು ಅಪ್ಪಣೆ ಕೇಳಿದನು. ಬ್ರಿಟಿಷ್ ಅಧಿಕಾರಿಗಳು ಶತ್ರುವಿಗೆ ಉಪಯೋಗವಾಗುವ ಮಾತು ಹೊರಬೀಳಬಹುದೆಂದು ಅಂಜಿ, ಮೊದಲು ಕೆಲವು ರಾತ್ರಿ ಧ್ವನಿಮುದ್ರಣ ಮಾಡಿಸಿ ಪರೀಕ್ಷಿಸಿದ ಮೇಲೆ ಒಪ್ಪಿದರು. ಅದಕ್ಕೂ ಮೊದಲು, ಆಗಸ್ಟಿನ ಒಂದು ರಾತ್ರಿ, ಅವನು ಟ್ರಫಾಲ್ಗರ್ ಚೌಕದಲ್ಲಿ ಮೈಕನ್ನು ನೆಲದ ಹತ್ತಿರ ಹಿಡಿದು, ಅಪಾಯದ ಕೂಗಿನ ನಡುವೆ ಆಶ್ರಯದ ಕಡೆಗೆ ನಡೆಯುತ್ತಿದ್ದವರ ಹೆಜ್ಜೆಯ ಸಪ್ಪಳವನ್ನು ಕೇಳಿಸಿದ್ದನು. ಆ ಹೆಜ್ಜೆಗಳು ಓಡುತ್ತಿರಲಿಲ್ಲ, ನಡೆಯುತ್ತಿದ್ದುವು. ಜನ ಧೈರ್ಯಗೆಟ್ಟಿಲ್ಲವೆಂದು ಹೇಳಲು ಅವನಿಗೆ ವಿಶೇಷಣಗಳು ಬೇಕಾಗಲಿಲ್ಲ. ತನಗೆ ಕಂಡದ್ದೆಷ್ಟು, ಕೇಳಿದ್ದೆಷ್ಟು, ತಿಳಿಯದೆ ಉಳಿದದ್ದೆಷ್ಟು ಎಂದು ಬೇರ್ಪಡಿಸಿ ಹೇಳುವುದೇ ಅವನ ಶೈಲಿಯಾಯಿತು.

ಈ ಸಂಯಮದ ಬೆಲೆ ತಿಳಿದದ್ದು ೧೯೪೫ರ ಏಪ್ರಿಲಿನಲ್ಲಿ. ಆ ತಿಂಗಳ ೧೨ರಂದು ಅವನು ಬೂಕೆನ್‌ವಾಲ್ಡಿನ ಸೆರೆಶಿಬಿರವನ್ನು ಹೊಕ್ಕನು. ಸೌದೆಯಂತೆ ಒಟ್ಟಿದ್ದ ಹೆಣಗಳನ್ನೂ, ತೋಳಿನ ಮೇಲೆ ಅಂಕಿಗಳನ್ನು ಚುಚ್ಚಿಸಿಕೊಂಡ ಮಕ್ಕಳನ್ನೂ ಕಂಡನು. ಮೂರು ದಿನಗಳವರೆಗೆ ಅವನು ಮಾತನಾಡಲಿಲ್ಲ. ೧೫ರಂದು ಮಾತನಾಡಿದಾಗ ತನ್ನ ಕಣ್ಣಿಗೆ ಬಿದ್ದದ್ದನ್ನು, ಎಣಿಸಲು ಸಾಧ್ಯವಾದದ್ದನ್ನು ಮಾತ್ರ ಹೇಳಿ, ತನ್ನನ್ನು ನಂಬಬೇಕೆಂದು ಕೇಳುವವರನ್ನು ಬೇಡಿಕೊಂಡನು. ಸಾಕ್ಷಿಯಾದವನು ಏಕೆ ಬೇಡಬೇಕಾಯಿತು? ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರ ಕ್ರೌರ್ಯದ ಬಗ್ಗೆ ಹಬ್ಬಿಸಿದ್ದ ಕಥೆಗಳಲ್ಲಿ ಅನೇಕವು ಕಟ್ಟುಕಥೆಗಳೆಂದು ಯುದ್ಧಾನಂತರ ಬಯಲಾಗಿದ್ದುವು. ಆದುದರಿಂದ ಈ ಸಲದ ನಿಜವನ್ನೂ ಜನ ಅಂತಹುದೇ ಪ್ರಚಾರವೆಂದು ತಳ್ಳಿಹಾಕುವ ಸಂಭವವಿತ್ತು. ಹಿಂದಿನ ತಲೆಮಾರು ಹೇಳಿದ ಸುಳ್ಳಿನ ಸಾಲವನ್ನು ಮುಂದಿನ ತಲೆಮಾರಿನ ಸತ್ಯ ತೀರಿಸಬೇಕಾಯಿತು.

ಯುದ್ಧ ಮುಗಿದ ಮೇಲೆ ದೂರದರ್ಶನ ಬಂದಿತು. ಮಾತನ್ನೇ ನಂಬಿ ಬೆಳೆದ ಮರ್ರೋವಿಗೆ ಚಿತ್ರದ ಬಗ್ಗೆ ಮೊದಲು ಅಷ್ಟಾಗಿ ಒಲವಿರಲಿಲ್ಲ. ಫ್ರೆಡ್ ಫ್ರೆಂಡ್ಲಿ ಎಂಬ ಜೊತೆಗಾರನೊಡನೆ ಅವನು ೧೯೫೧ರ ನವೆಂಬರ್ ೧೮ರಂದು ಸೀ ಇಟ್ ನೌ ಎಂಬ ವಾರದ ಕಾರ್ಯಕ್ರಮವನ್ನು ಆರಂಭಿಸಿದನು. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳ ದಡಗಳನ್ನು ಅಂದು ನೋಡುವವರಿಗೆ ಒಂದೇ ಗಳಿಗೆಯಲ್ಲಿ ತೋರಿಸಲಾಯಿತು.

ಅದು ಅಮೆರಿಕದಲ್ಲಿ ಭಯದ ಕಾಲ. ೧೯೫೦ರ ಫೆಬ್ರವರಿ ೯ರಂದು ಜೋಸೆಫ್ ಮೆಕಾರ್ಥಿ ಎಂಬ ಸೆನೆಟ್ ಸದಸ್ಯ ವೀಲಿಂಗ್ ಎಂಬ ಊರಿನ ಸಭೆಯಲ್ಲಿ, ವಿದೇಶಾಂಗ ಇಲಾಖೆಯಲ್ಲಿರುವ ಕಮ್ಯೂನಿಸ್ಟರ ಪಟ್ಟಿ ತನ್ನ ಬಳಿ ಇದೆಯೆಂದು ಹೇಳಿದನು. ಅವರ ಸಂಖ್ಯೆ ೨೦೫ ಎಂದು ಮೊದಲು ವರದಿಯಾಯಿತು. ಕೆಲವೇ ದಿನಗಳಲ್ಲಿ ೫೭ ಆಯಿತು. ಸೆನೆಟ್ಟಿನಲ್ಲಿ ಮಾತನಾಡುವಾಗ ೮೧ಕ್ಕೆ ಏರಿತು. ಪತ್ರಿಕೆಗಳೂ ಬಾನುಲಿಯೂ ಪ್ರತಿ ಸಲವೂ ಹೊಸ ಸಂಖ್ಯೆಯನ್ನು ಪ್ರಕಟಿಸಿದುವು. ಅವರೇನು ಸುಳ್ಳು ಬರೆದರೆ? ಇಲ್ಲ. ಸೆನೆಟ್ ಸದಸ್ಯ ಹಾಗೆ ಹೇಳಿದ್ದು ನಿಜ. ಹೇಳಿದನೆಂದು ಬರೆದದ್ದೂ ನಿಜ. ಹೇಳಿದ್ದರಲ್ಲಿ ಹುರುಳಿದೆಯೆ ಎಂದು ನೋಡುವುದು ತಮ್ಮ ಕೆಲಸವಲ್ಲ, ಅದು ನಿಷ್ಪಕ್ಷಪಾತಕ್ಕೆ ವಿರುದ್ಧ ಎಂದು ಅವರು ತಿಳಿದಿದ್ದರು.

ಇಲ್ಲಿ ಕನ್ನಡದ ವ್ಯಾಕರಣವೊಂದನ್ನು ನೆನೆಯುವುದು ಅಪ್ರಸ್ತುತವಲ್ಲ. ಬಂದನು ಎಂಬುದಕ್ಕೂ ಬಂದನಂತೆ ಎಂಬುದಕ್ಕೂ ಇರುವ ಅಂತರವನ್ನು ನಮ್ಮ ಹಳ್ಳಿಯ ಮಗುವೂ ಬಲ್ಲದು. ಮೊದಲನೆಯದಕ್ಕೆ ಹೇಳುವವನೇ ಸಾಕ್ಷಿ. ಎರಡನೆಯದಕ್ಕೆ ಅವನು ಹೊಣೆಯಲ್ಲ. ಅಂತೆಕಂತೆಗಳ ಸಂತೆ ಎಂಬ ನಮ್ಮ ನುಡಿಗಟ್ಟು ಹುಟ್ಟಿದ್ದು ಇದರಿಂದಲೇ. ಮೆಕಾರ್ಥಿಯ ಜಾಣತನವೆಲ್ಲ ಇರುವುದು, ತನ್ನ ಅಂತೆಗಳನ್ನು ಬೇರೆಯವರ ಬಾಯಲ್ಲಿ ದಿನದಿನವೂ ಆಡಿಸಿ ಅವು ಕಡೆಗೆ ಅಂತೆಯನ್ನು ಕಳಚಿಕೊಳ್ಳುವಂತೆ ಮಾಡಿದುದರಲ್ಲಿ.

ಮರ್ರೋ ಕೂಡಲೇ ಎದ್ದು ನಿಂತನೆಂದು ಹೇಳುವಂತಿಲ್ಲ. ೧೯೫೦ರ ಕೊನೆಯಲ್ಲಿ ಸಿ.ಬಿ.ಎಸ್. ತನ್ನ ನೌಕರರಿಂದ ನಿಷ್ಠೆಯ ಪ್ರಮಾಣಪತ್ರಕ್ಕೆ ಸಹಿ ಕೇಳಿದಾಗ ಅವನು ಸಹಿ ಹಾಕಿದನು. ತನ್ನನ್ನು ಕೇಳಿದವರಿಗೂ ಹಾಕುವಂತೆಯೇ ಹೇಳಿದನು. ವೃತ್ತಪತ್ರಿಕೆಗಳ ಕೆಲವು ಲೇಖಕರೂ ವ್ಯಂಗ್ಯಚಿತ್ರಕಾರರೂ ಅವನಿಗಿಂತ ಬಹಳ ಮೊದಲೇ ಮೆಕಾರ್ಥಿಯನ್ನು ಎದುರಿಸಿದ್ದರು. ಅವನ ಸರದಿ ಬಂದದ್ದು ೧೯೫೩ರ ಅಕ್ಟೋಬರ್ ೨೦ರಂದು. ಮಿಲೋ ರಾಡುಲೋವಿಚ್ ಎಂಬ ವಿಮಾನದಳದ ಮೀಸಲು ಅಧಿಕಾರಿಯನ್ನು ಕೆಲಸದಿಂದ ತೆಗೆಯಲು ಹೊರಟಿದ್ದರು. ಅವನ ನಿಷ್ಠೆಯ ಮೇಲೆ ಸಂದೇಹವಿಲ್ಲ. ತಂದೆಯ ಮತ್ತು ತಂಗಿಯ ಮೇಲೆ ಆಪಾದನೆ. ಆಧಾರವೇನೆಂದರೆ, ಅಂಟಿಸಿದ ಒಂದು ಲಕೋಟೆ; ಅದನ್ನು ಅವನಿಗಾಗಲಿ ಅವನ ವಕೀಲನಿಗಾಗಲಿ ತೆರೆದು ತೋರಿಸಲಿಲ್ಲ. ಮರ್ರೋ ಆ ಮನೆಯವರನ್ನೂ ಊರಿನವರನ್ನೂ ಮಾತನಾಡಿಸಿ ತೋರಿಸಿದನು. ಐದು ವಾರಗಳ ಬಳಿಕ ವಿಮಾನದಳದ ಕಾರ್ಯದರ್ಶಿಯೇ ಅದೇ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡು ಆಪಾದನೆಯನ್ನು ಹಿಂತೆಗೆದುಕೊಂಡನು.

೧೯೫೪ರ ಮಾರ್ಚಿ ೯ರಂದು ಮೆಕಾರ್ಥಿಯ ಮೇಲಿನ ಕಾರ್ಯಕ್ರಮ ಬಂದಿತು. ಸಂಸ್ಥೆ ಅದಕ್ಕೆ ಜಾಹೀರಾತು ಕೊಡಲು ಒಪ್ಪದಿದ್ದುದರಿಂದ ಮರ್ರೋ ಮತ್ತು ಫ್ರೆಂಡ್ಲಿ ತಮ್ಮ ಕೈಯಿಂದ ಹಣ ಹಾಕಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾರ್ಯಕ್ರಮದ ವಿಧಾನ ಸರಳ. ಮೆಕಾರ್ಥಿ ಆಡಿದ ಮಾತುಗಳನ್ನು ಅವನ ಬಾಯಿಂದಲೇ, ಅವನ ಚಿತ್ರದೊಂದಿಗೇ ಕೇಳಿಸುವುದು. ಒಂದು ಕಡೆ ಆಡಿದ್ದನ್ನು ಇನ್ನೊಂದು ಕಡೆ ಆಡಿದ್ದರೊಡನೆ, ದಾಖಲೆಯೊಡನೆ ಹೊಂದಿಸಿ ತೋರಿಸುವುದು. ಕಡೆಯಲ್ಲಿ ಮರ್ರೋ ತನ್ನ ಹೆಸರಿನಲ್ಲಿ, ತನ್ನ ಹೊಣೆಯಲ್ಲಿ, ಆಪಾದನೆ ಬೇರೆ ರುಜುವಾತು ಬೇರೆ ಎಂಬ ತೀರ್ಮಾನವನ್ನು ಹೇಳಿದನು. ಉತ್ತರ ಕೊಡಲು ಮೆಕಾರ್ಥಿಗೂ ಅಷ್ಟೇ ಅವಧಿಯನ್ನು ಕೊಟ್ಟನು. ಏಪ್ರಿಲ್ ೬ರಂದು ಬಂದ ಆ ಉತ್ತರದಲ್ಲಿ ಮರ್ರೋನ ಆಕ್ಷೇಪಗಳಿಗೆ ಸಮಾಧಾನವಿರಲಿಲ್ಲ. ಮರ್ರೋನೇ ಕಮ್ಯೂನಿಸ್ಟರ ಪಕ್ಷಪಾತಿಯೆಂಬ ಹೊಸ ಆಪಾದನೆಯಿತ್ತು.

ಆ ತಿಂಗಳಲ್ಲಿಯೇ ಆರಂಭವಾದ ಸೈನ್ಯ ಮತ್ತು ಮೆಕಾರ್ಥಿ ನಡುವಣ ವಿಚಾರಣೆಯನ್ನು ದೂರದರ್ಶನ ನೇರವಾಗಿ ತೋರಿಸಿತು. ಅಲ್ಲಿ ಸೈನ್ಯದ ಕಾರ್ಯದರ್ಶಿಯೂ ಮೆಕಾರ್ಥಿಯ ಕಡೆಯ ಒಬ್ಬ ಯುವಕ ಸಿಪಾಯಿಯೂ ಒಟ್ಟಿಗೆ ನಿಂತ ಭಾವಚಿತ್ರವೊಂದನ್ನು ಅವರಿಬ್ಬರ ಸ್ನೇಹಕ್ಕೆ ಸಾಕ್ಷಿಯಾಗಿ ಮುಂದಿಟ್ಟರು. ಮರುದಿನ ಮೂಲಚಿತ್ರ ಹೊರಬಂದಿತು. ಜೊತೆಯಲ್ಲಿದ್ದವರನ್ನು ಕತ್ತರಿಸಿ ತೆಗೆದಿದ್ದರು. ಚಿತ್ರದಲ್ಲಿ ಉಳಿದದ್ದೆಲ್ಲ ನಿಜವೇ. ಕತ್ತರಿ ಮಾತ್ರ ಸುಳ್ಳು ಹೇಳಿತ್ತು. ಡಿಸೆಂಬರ್ ೨ರಂದು ಸೆನೆಟ್ ೬೭ಕ್ಕೆ ೨೨ ಮತಗಳಿಂದ ಮೆಕಾರ್ಥಿಯನ್ನು ಖಂಡಿಸಿತು. ಅವನ ಪತನಕ್ಕೆ ಮರ್ರೋ ಒಬ್ಬನೇ ಕಾರಣವೆಂಬುದು ಉತ್ಪ್ರೇಕ್ಷೆ.

ಮೆಕಾರ್ಥಿಯನ್ನು ಒಪ್ಪದ ವಿಮರ್ಶಕರಲ್ಲಿಯೂ ಕೆಲವರು ಆಗ ಒಂದು ಆಕ್ಷೇಪವನ್ನೆತ್ತಿದರು. ಕತ್ತರಿ ಮರ್ರೋನ ಕೈಯಲ್ಲಿಯೂ ಇದ್ದಿತಷ್ಟೆ. ಒಬ್ಬ ಮನುಷ್ಯನ ಅತ್ಯಂತ ಕೆಟ್ಟ ಗಳಿಗೆಗಳನ್ನೇ ಆಯ್ದು ಜೋಡಿಸಿದರೆ ಅದು ವರದಿಯೊ ಅಭಿಯೋಗವೊ? ನಾಳೆ ಇದೇ ಉಪಾಯವನ್ನು ದುರ್ಜನನೊಬ್ಬ ಸಜ್ಜನನ ಮೇಲೆ ಪ್ರಯೋಗಿಸಿದರೆ? ಪ್ರಶ್ನೆ ಸಾರವುಳ್ಳದ್ದು, ಮರ್ರೋವಿಗೂ ಆ ಕಾರ್ಯಕ್ರಮದ ಬಗ್ಗೆ ಪೂರ್ಣ ನೆಮ್ಮದಿಯಿರಲಿಲ್ಲ. ನನಗೆ ತೋರುವ ಉತ್ತರ ಇಷ್ಟು: ಆಯ್ಕೆಯಿಲ್ಲದೆ ಸುದ್ದಿಯೇ ಇಲ್ಲ. ಆಯ್ದವನು ತಾನು ಆಯ್ದೆನೆಂದು ಒಪ್ಪಿ, ಆಧಾರವನ್ನು ಮುಂದಿಟ್ಟು, ಹೆಸರು ಹೇಳಿ ಎದುರಾಳಿಗೆ ಬಾಗಿಲು ತೆರೆದರೆ ಅದು ಪ್ರಾಮಾಣಿಕ. ಭಾವಚಿತ್ರವನ್ನು ಕತ್ತರಿಸಿದವರು ಕತ್ತರಿಯನ್ನು ಬಚ್ಚಿಟ್ಟಿದ್ದರು.

ಮರ್ರೋನ ಸೋಲುಗಳಲ್ಲಿ ಮೊದಲನೆಯದನ್ನು ಲೋಕ ಅಷ್ಟಾಗಿ ನೆನೆಯುವುದಿಲ್ಲ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧವಿದೆಯೆಂದು ೧೯೫೦ರಲ್ಲಿಯೇ ಇಂಗ್ಲೆಂಡಿನ ಡಾಲ್ ಮತ್ತು ಹಿಲ್, ಅಮೆರಿಕದ ವಿಂಡರ್ ಮತ್ತು ಗ್ರೇಹಂ ತಮ್ಮ ಶೋಧನೆಗಳಲ್ಲಿ ತೋರಿಸಿದ್ದರು. ಹೊಗೆಸೊಪ್ಪಿನ ಕಂಪನಿಗಳು ೧೯೫೪ರ ಜನವರಿ ೪ರಂದು ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಒಂದು ಪ್ರಕಟಣೆಯನ್ನು ಕೊಟ್ಟು, ತಾವೇ ಒಂದು ಸಂಶೋಧನ ಸಮಿತಿಯನ್ನು ಸ್ಥಾಪಿಸಿರುವುದಾಗಿ ಸಾರಿದುವು. ಸಂಬಂಧವಿಲ್ಲವೆಂದು ರುಜುವಾತು ಮಾಡುವುದು ಅವರಿಗೆ ಬೇಕಿರಲಿಲ್ಲ. ವಿಷಯ ಇನ್ನೂ ತೀರ್ಮಾನವಾಗಿಲ್ಲವೆಂಬ ಅನುಮಾನ ಜನರ ಮನಸ್ಸಿನಲ್ಲಿ ಉಳಿದರೆ ಸಾಕಾಗಿತ್ತು. ಮರ್ರೋ ೧೯೫೫ರಲ್ಲಿ ಈ ವಿಷಯದ ಮೇಲೆ ಎರಡು ಕಾರ್ಯಕ್ರಮಗಳನ್ನು ಮಾಡುವನೆಂದು ತಿಳಿದು ಅವರ ಪ್ರತಿನಿಧಿಗಳು ಬಂದರು. ಅವರು ಕೇಳಿದ್ದು ಒಂದೇ: ಎರಡು ಪಕ್ಷಗಳಿಗೂ ಸಮನಾದ ನ್ಯಾಯ. ಕೇಳಿದ್ದು ದೊರೆಯಿತು. ಒಬ್ಬ ವೈದ್ಯ ಹೌದೆಂದನು, ಇನ್ನೊಬ್ಬ ಹೇಳಲಾಗದೆಂದನು. ಕಾರ್ಯಕ್ರಮ ತೀರ್ಮಾನವಿಲ್ಲದೆ ಮುಗಿಯಿತು.

ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಒಟ್ಟು ಪರಿಣಾಮ ಮಾತ್ರ ಸತ್ಯಕ್ಕೆ ದೂರ. ಮೆಕಾರ್ಥಿಯ ವಿಷಯದಲ್ಲಿ ಅವನು ತಕ್ಕಡಿಯನ್ನು ಬದಿಗಿಟ್ಟು ಸಾಕ್ಷ್ಯವನ್ನು ನೋಡಿದ್ದನು. ಇಲ್ಲಿ ಸಾಕ್ಷ್ಯವನ್ನು ಬದಿಗಿಟ್ಟು ತಕ್ಕಡಿಯನ್ನು ಹಿಡಿದನು. ಸ್ವತಃ ದಿನಕ್ಕೆ ಸುಮಾರು ೬೦ ಸಿಗರೇಟು ಸೇದುತ್ತಿದ್ದವನಿಗೆ ಆ ಅನುಮಾನ ಪ್ರಿಯವೂ ಆಗಿದ್ದಿರಬೇಕು. ನಮಗೆ ಬೇಕಾದುದನ್ನು ಹೇಳುವ ಸುಳ್ಳನ್ನು ಗುರುತಿಸುವುದು ಶತ್ರುವಿನ ಸುಳ್ಳನ್ನು ಗುರುತಿಸಿದಷ್ಟು ಸುಲಭವಲ್ಲ.

ಆ ಎರಡನೆಯ ಕಾರ್ಯಕ್ರಮ ಬಂದ ೧೯೫೫ರ ಜೂನ್ ೭ರಂದೇ, ಅದಕ್ಕೆ ಸ್ವಲ್ಪ ಮುನ್ನ, ಅದೇ ಸಂಸ್ಥೆ ಅರುವತ್ತನಾಲ್ಕು ಸಾವಿರ ಡಾಲರಿನ ಪ್ರಶ್ನೆ ಎಂಬ ರಸಪ್ರಶ್ನೆಯ ಆಟವನ್ನು ತೊಡಗಿಸಿತು. ಜನ ಅದಕ್ಕೆ ಮುಗಿಬಿದ್ದರು. ಸುದ್ದಿಯ ಅರ್ಧಗಂಟೆಗಿಂತ ಅಂಥ ಆಟದ ಅರ್ಧಗಂಟೆ ಎಷ್ಟೋ ಪಾಲು ಹೆಚ್ಚು ಹಣ ತರುವುದೆಂದು ವ್ಯಾಪಾರಿಗಳು ಕಂಡುಕೊಂಡರು. ಮರ್ರೋನ ಕಾರ್ಯಕ್ರಮಕ್ಕೆ ಆಶ್ರಯ ಕೊಡುತ್ತಿದ್ದ ಅಲ್ಯುಮಿನಿಯಂ ಕಂಪನಿ ಆ ವರ್ಷವೇ ಹಿಂದೆ ಸರಿಯಿತು. ಸೀ ಇಟ್ ನೌ ವಾರದ ಸ್ಥಾನವನ್ನು ಕಳೆದುಕೊಂಡು ೧೯೫೮ರ ಬೇಸಗೆಯಲ್ಲಿ ನಿಂತಿತು. ಅದೇ ವರ್ಷ ಅಕ್ಟೋಬರ್ ೧೫ರಂದು ಷಿಕಾಗೋದಲ್ಲಿ ವಾರ್ತಾನಿರ್ದೇಶಕರ ಸಭೆಯಲ್ಲಿ ಅವನು ತನ್ನ ಒಡೆಯರನ್ನೂ ಬಿಡದೆ ಮಾತನಾಡಿ, ಮನರಂಜನೆಗೂ ಹಣಕ್ಕೂ ಸೋತ ದೂರದರ್ಶನ ಜನರನ್ನು ವಾಸ್ತವದಿಂದ ಮರೆಮಾಡುತ್ತಿದೆಯೆಂದು ಎಚ್ಚರಿಸಿದನು. ೧೯೫೯ರಲ್ಲಿ ಇಂತಹ ಆಟಗಳಲ್ಲಿ ಹಲವರಿಗೆ ಉತ್ತರಗಳನ್ನು ಮೊದಲೇ ತಿಳಿಸಿಕೊಡುತ್ತಿದ್ದರೆಂಬುದು ಬಯಲಾಗಿ ದೇಶವೇ ನಾಚಿತು.

೧೯೬೦ರ ನವೆಂಬರ್ ೨೫ರಂದು, ಅಮೆರಿಕನ್ನರು ಕೃತಜ್ಞತೆಯ ಹಬ್ಬದ ಊಟ ಮಾಡಿದ ಮರುದಿನ, ಆ ಊಟಕ್ಕೆ ಬೆಳೆ ಕೊಯ್ಯುವ ವಲಸೆ ಕೂಲಿಗಳ ದುಃಸ್ಥಿತಿಯನ್ನು ತೋರಿಸುವ ಹಾರ್ವೆಸ್ಟ್ ಆಫ್ ಷೇಮ್ ಎಂಬ ಅವನ ಚಿತ್ರ ಬಂದಿತು. ಮುಂದಿನ ಜನವರಿಯಲ್ಲಿ ಅಧ್ಯಕ್ಷ ಕೆನಡಿ ಅವನನ್ನು ಸರ್ಕಾರದ ವಾರ್ತಾಸಂಸ್ಥೆಯ ಮುಖ್ಯಸ್ಥನನ್ನಾಗಿ ನೇಮಿಸಿದನು. ಯು.ಎಸ್.ಐ.ಎಸ್. ಎಂಬ ಹೆಸರಿನಿಂದ ಭಾರತದ ನಗರಗಳಲ್ಲಿ ಪುಸ್ತಕಭಂಡಾರಗಳನ್ನು ನಡೆಸುತ್ತಿದ್ದುದು ಈ ಸಂಸ್ಥೆಯೇ. ಆ ಪೀಠದಲ್ಲಿ ಕುಳಿತ ಕೆಲವೇ ವಾರಗಳಲ್ಲಿ, ತನ್ನ ಚಿತ್ರವನ್ನು ಬ್ರಿಟಿಷರ ಬಿ.ಬಿ.ಸಿ. ತೋರಿಸಲಿದೆಯೆಂದು ತಿಳಿದು, ದಯವಿಟ್ಟು ತೋರಿಸಬೇಡಿರೆಂದು ಅವನು ಖಾಸಗಿಯಾಗಿ ಕೇಳಿಕೊಂಡನು. ಬಿ.ಬಿ.ಸಿ. ತೋರಿಸಿಯೇ ತೋರಿಸಿತು, ಕೋರಿಕೆಯೂ ಬಯಲಾಯಿತು. ಅರ್ಧಸತ್ಯವನ್ನು ಆಡಿದ ಗಳಿಗೆಯಲ್ಲಿ ಧರ್ಮರಾಯನ ರಥ ನೆಲಕ್ಕಿಳಿಯಿತೆಂದು ಭಾರತದ ಕಥೆ ಹೇಳುತ್ತದೆ. ಮರ್ರೋನ ರಥ ಇಳಿದ ಗಳಿಗೆ ಇದು. ಹಾಗೆಂದು ಅವನು ಆ ಪೀಠದಲ್ಲಿ ಬರಿಯ ತುತ್ತೂರಿಯಾಗಿದ್ದನೆನ್ನುವುದು ಅನ್ಯಾಯ. ನಂಬಿಕೆ ಗಳಿಸಬೇಕಾದರೆ ತಮ್ಮ ದೇಶದ ಹುಳುಕನ್ನೂ ಹೇಳಬೇಕೆಂಬುದೇ ಅಲ್ಲಿಯೂ ಅವನ ವಾದವಾಗಿತ್ತು.

೧೯೬೩ರ ಅಕ್ಟೋಬರಿನಲ್ಲಿ ಕ್ಯಾನ್ಸರಿನಿಂದಾಗಿ ಅವನ ಒಂದು ಶ್ವಾಸಕೋಶವನ್ನು ತೆಗೆದರು. ಮರುವರ್ಷ ಜನವರಿಯಲ್ಲಿ ಅವನು ಹುದ್ದೆಯನ್ನು ಬಿಟ್ಟನು. ಅದೇ ತಿಂಗಳಲ್ಲಿ ಅಮೆರಿಕದ ಸರ್ಕಾರದ ಮುಖ್ಯ ವೈದ್ಯಾಧಿಕಾರಿಯ ವರದಿ ಹೊರಬಿದ್ದು, ಸಿಗರೇಟಿನ ವಿಷಯದಲ್ಲಿ ಉಳಿಸಿಕೊಂಡು ಬಂದಿದ್ದ ಅನುಮಾನಕ್ಕೆ ಅಧಿಕೃತವಾಗಿ ತೆರೆ ಎಳೆಯಿತು. ೧೯೬೫ರ ಏಪ್ರಿಲ್ ೨೭ರಂದು, ೫೭ ತುಂಬಿದ ಎರಡು ದಿನಗಳಿಗೆ, ನ್ಯೂಯಾರ್ಕ್ ಸಂಸ್ಥಾನದ ಪಾಲಿಂಗ್ ಊರಿನ ತನ್ನ ತೋಟದ ಮನೆಯಲ್ಲಿ ಮರ್ರೋ ತೀರಿಕೊಂಡನು.

ಇಂದು ನಮ್ಮ ಮನೆಗಳಲ್ಲಿ ಹಗಲಿರುಳೆನ್ನದೆ ಸುದ್ದಿ ಹರಿಯುತ್ತಿದೆ. ಒಬ್ಬನನ್ನು ಈ ಬದಿಗೆ, ಇನ್ನೊಬ್ಬನನ್ನು ಆ ಬದಿಗೆ ಕೂರಿಸಿ ಕೂಗಾಡಿಸಿದರೆ ನ್ಯಾಯ ಸಂದಿತೆಂದು ಭಾವಿಸುವ ರೂಢಿ ಬೆಳೆದಿದೆ. ಮಳೆ ಬರುತ್ತಿದೆಯೆಂದು ಒಬ್ಬನೂ ಇಲ್ಲವೆಂದು ಇನ್ನೊಬ್ಬನೂ ವಾದಿಸುತ್ತಿದ್ದರೆ ವಾರ್ತಾಕಾರನ ಕೆಲಸ ಇಬ್ಬರ ಮಾತನ್ನೂ ಒಪ್ಪಿಸುವುದಲ್ಲ, ಬಾಗಿಲು ತೆರೆದು ಅಂಗಳವನ್ನು ನೋಡುವುದು. ಲಂಡನ್ನಿನ ಬೀದಿಯಲ್ಲಿಯೂ ಬೂಕೆನ್‌ವಾಲ್ಡಿನಲ್ಲಿಯೂ ಮರ್ರೋ ಅಂಗಳಕ್ಕೆ ಇಳಿದಿದ್ದನು. ಸಿಗರೇಟಿನ ವಿಷಯದಲ್ಲಿ ಒಳಗೇ ಕುಳಿತನು. ನಾನು ತರಗತಿಯಲ್ಲಿ ಒಮ್ಮೊಮ್ಮೆ ವಾರ್ತೆಯೊಂದನ್ನು ಕೊಟ್ಟು, ಕಂಡದ್ದು ಯಾವುದು, ಎಣಿಸಿದ್ದು ಯಾವುದು, ಅಂತೆ ಯಾವುದು ಎಂದು ಗುರುತು ಹಾಕಿಸುತ್ತೇನೆ. ಬಹುಪಾಲು ವಾಕ್ಯಗಳು ಮೂರನೆಯ ಗುಂಪಿಗೇ ಸೇರುತ್ತವೆ. ಸುದ್ದಿ ಹೇಳುವವರು ಈ ಗುರುತನ್ನು ತಾವೇ ಹಾಕಿಕೊಡುವ ಕಾಲ ಬರುವವರೆಗೆ ನೋಡುವವರೇ ಹಾಕಿಕೊಳ್ಳಬೇಕು.